ಆಯುಷ್ಯದ ಲೆಕ್ಕ

ಕನಕದಾಸರ ಜೀವಿತಕಾಲವನ್ನು ನಮ್ಮ ಜನಪ್ರಿಯ ಗ್ರಂಥಗಳು ಸಾಮಾನ್ಯವಾಗಿ ಕ್ರಿ.ಶ. 1509ರಿಂದ 1609ರವರೆಗೆ ಎಂದು ಕೊಡುತ್ತವೆ. ಅಂದರೆ ಸರಿಯಾಗಿ ನೂರು ವರ್ಷ. ಒಂದೆರಡು ವರ್ಷವನ್ನು ಆಚೀಚೆ ಸರಿಸುವ ವಿದ್ವಾಂಸರು ಇಲ್ಲದಿಲ್ಲ; ಆದರೆ ಕಾಗಿನೆಲೆಯ ಆದಿಕೇಶವನಿಗೆ ನಡೆದುಕೊಳ್ಳುವ ನಮ್ಮ ಸೀಮೆಯ ಜನಕ್ಕೆ ಆ ಚರ್ಚೆ ಬೇಕಾಗಿಲ್ಲ. ಪುರಂದರದಾಸರ ಕಾಲವನ್ನು 1484ರಿಂದ 1564 ಎನ್ನುತ್ತಾರೆ, ಎಂಬತ್ತು ವರ್ಷ. ಸೋದೆಯ ವಾದಿರಾಜರದು 1480ರಿಂದ 1600, ನೂರಿಪ್ಪತ್ತು ವರ್ಷ. ಎಂಬತ್ತು, ನೂರು, ನೂರಿಪ್ಪತ್ತು. ಮೂವರೂ ಹರಿದಾಸ ಪರಂಪರೆಯ ಹಿರಿಯರು. ಮೂವರಿಗೂ ಸಂಪ್ರದಾಯವು ಕೊಟ್ಟ ಆಯುಸ್ಸು ಇಪ್ಪತ್ತರ ಮಗ್ಗಿಯಲ್ಲಿ ಬರುವಂಥದು. ಈ ಮಹನೀಯರು ದೀರ್ಘಕಾಲ ಬಾಳಿದರೆಂಬುದನ್ನು ನಾನು ಶಂಕಿಸುವುದಿಲ್ಲ. ಆದರೆ ಈ ಸಂಖ್ಯೆಗಳು ಎಣಿಕೆಯಿಂದ ಬಂದವಲ್ಲ, ಗೌರವದಿಂದ ಬಂದವು ಎಂಬುದು ಸ್ಪಷ್ಟ. ಹಿರಿಯರಿಗೆ ಕೊರತೆಯಾಗದಂತೆ ತುಂಬಿ ಅಳೆದುಕೊಡುವುದು ನಮ್ಮ ಸ್ವಭಾವ.

ಇಂದು ನಾನು ಕೇಳುಗರ ಮುಂದೆ ಇಡಬೇಕೆಂದಿರುವುದು ಬೇರೆ ಬಗೆಯ ದೀರ್ಘಾಯುಷಿಗಳ ವಿಚಾರ. ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ನಿವೃತ್ತರಾಗಿ, ಆಮೇಲೆ ನೂರರ ಗೆರೆಯನ್ನು ದಾಟಿ ಬಾಳಿದವರ ವಿಚಾರ. ನೂರು ಮುಟ್ಟಿದವರನ್ನು ಶತಾಯುಷಿಗಳೆಂದು ಕರೆಯುತ್ತೇವೆ. ನೂರಹತ್ತು ದಾಟಿದವರನ್ನು ಪಾಶ್ಚಾತ್ಯರು ಸೂಪರ್‌ಸೆಂಟಿನೇರಿಯನ್ನರೆಂದು ಬೇರೆಯೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಕನ್ನಡದಲ್ಲಿ ಅತಿಶತಾಯುಷಿ ಎಂದರೆ ಸಾಕೆಂದು ನನ್ನ ಅಭಿಪ್ರಾಯ. ಇಂಥವರ ಬಾಳನ್ನು ಕೊಂಡಾಡುವ ಮುನ್ನ ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದಿದೆ: ವಯಸ್ಸು ನಮಗೆ ತಿಳಿಯುವುದು ಹೇಗೆ? ಈ ಪ್ರಶ್ನೆಯ ಬೆನ್ನುಹತ್ತಿ ಹೋದರೆ ಮತ್ತೆ ಶಾಲೆಯ ಮಾಸ್ತರರ ಮೇಜಿನ ಬಳಿಗೇ ಬಂದು ನಿಲ್ಲುತ್ತೇವೆ ಎಂಬುದು ಸ್ವಾರಸ್ಯದ ಸಂಗತಿ.

ಕನ್ನಡದಲ್ಲಿ ಅತಿಶತಾಯುಷಿಯೊಬ್ಬನ ಬಹು ಹಳೆಯ ಉಲ್ಲೇಖ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿದೆ. ಏಳು ಎಂಟನೆಯ ಶತಮಾನಗಳ ಸುಮಾರಿನ ಒಂದು ಪದ್ಯಶಾಸನವದು. ಕಳಂತೂರಿನ ಮುನಿಯೊಬ್ಬನು ನೂರೆಂಟು ಸಂವತ್ಸರ ಕಠಿಣವಾದ ತಪಸ್ಸನ್ನು ನಡೆಸಿ, ಕಟವಪ್ರಗಿರಿಯನ್ನೇರಿ ಸಮಾಧಿಯನ್ನು ಪಡೆದನೆಂದು ಅದರ ತಾತ್ಪರ್ಯ. ತಪಸ್ಸನ್ನು ಯಾರೂ ತೊಟ್ಟಿಲಲ್ಲಿ ತೊಡಗುವುದಿಲ್ಲವಷ್ಟೆ. ಕನಿಷ್ಠ ಹತ್ತು ಹನ್ನೆರಡು ವರ್ಷವನ್ನು ಸೇರಿಸಿಕೊಂಡರೂ ಆ ಮುನಿಯ ವಯಸ್ಸು ನೂರಿಪ್ಪತ್ತರ ಹತ್ತಿರಕ್ಕೆ ಹೋಗುತ್ತದೆ. ಆದರೆ ನೂರೆಂಟು ಎಂಬುದು ಜಪಮಾಲೆಯ ಮಣಿಗಳ ಸಂಖ್ಯೆ. ಇಲ್ಲಿಯೂ ಕವಿ ಎಣಿಸಿ ಹೇಳಿದನೋ ಕೈಮುಗಿದು ಹೇಳಿದನೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಶಾಸನವು ಆ ಮುನಿಯನ್ನು 'ಪೆರ್ಗೊರವ' ಎನ್ನುತ್ತದೆ, ಎಂದರೆ ಹಿರಿಯ ಗುರು. ಗೊರವ ಎಂಬ ಮಾತು ಗುರು ಎಂಬುದರಿಂದಲೇ ಬಂದದ್ದೆಂದು ಪಂಡಿತರ ಮತ. ಇಂದು ನಮ್ಮ ಹಾವೇರಿ ಸೀಮೆಯಲ್ಲಿ ಗೊರವ ಎಂದರೆ ಕಂಬಳಿ ತೊಟ್ಟು ಡಮರುಗ ಹಿಡಿದ ಮೈಲಾರಲಿಂಗನ ಭಕ್ತ. ಮನುಷ್ಯರಿಗಿರುವಂತೆ ಮಾತುಗಳಿಗೂ ವಯಸ್ಸಿದೆ. ಈ ವಿಚಾರ ಮುಂದೆ ಬೇಕಾಗುವುದರಿಂದ ಇಲ್ಲಿ ಹೇಳಿಟ್ಟಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ವಯಸ್ಸನ್ನು ಸಂಖ್ಯೆಯಿಂದ ಹೇಳುವ ರೂಢಿ ಬಹುಕಾಲ ಇರಲಿಲ್ಲ, ಘಟನೆಯಿಂದ ಹೇಳುತ್ತಿದ್ದರು. "ದೊಡ್ಡ ಬರಗಾಲದಾಗ ನಮ್ಮಜ್ಜ ತೊಟ್ಟಿಲದಾಗಿದ್ದ", "ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಾಗಿನ ಗುಡಿಸಲದಾಗ ಇದ್ದಾಗ ನಮ್ಮವ್ವ ಹುಟ್ಟಿದ್ಲು" ಎಂಬಂಥ ಮಾತುಗಳನ್ನು ಬ್ಯಾಡಗಿ, ರಾಣೇಬೆನ್ನೂರುಗಳ ಕಡೆಯ ಹಿರಿಯರಿಂದ ನಾವೆಲ್ಲ ಕೇಳಿದ್ದೇವೆ. ದೊಡ್ಡ ಬರಗಾಲವೆಂದರೆ 1876ರಿಂದ 1878ರವರೆಗಿನದು. ಪ್ಲೇಗು ಹುಬ್ಬಳ್ಳಿ ಧಾರವಾಡಗಳ ಕಡೆಯಲ್ಲಿ ಹಬ್ಬಿದ್ದು 1898ರ ಸುಮಾರಿನಲ್ಲಿ. ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. ಇವು ಚರಿತ್ರಕಾರನಿಗೆ ಒಳ್ಳೆಯ ಗುರುತುಗಲ್ಲುಗಳೇ. ಒಂದೆರಡು ವರ್ಷ ತಪ್ಪಬಹುದು, ಹತ್ತು ವರ್ಷ ತಪ್ಪಲಾರವು.

ತೊಡಕು ಇರುವುದು ಸಂವತ್ಸರದ ಹೆಸರುಗಳಲ್ಲಿ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಬರಗಾಲ ತೊಡಗಿದ 1876ರದು ಧಾತು ಸಂವತ್ಸರ. 1936ರಲ್ಲಿ ಬಂದದ್ದೂ ಧಾತುವೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ನಮ್ಮಲ್ಲಿ ಎಲ್ಲ ಜಾತಿಗಳಲ್ಲಿಯೂ ಇದೆ. ಅಜ್ಜನೂ ಧಾತುವಿನಲ್ಲಿ ಹುಟ್ಟಿದವನು, ಅದೇ ಹೆಸರಿನ ಮೊಮ್ಮಗನೂ ಧಾತುವಿನಲ್ಲಿ ಹುಟ್ಟಿದವನು ಎಂದಾಗ ಎರಡು ಬಾಳುಗಳು ಒಂದರೊಳಗೊಂದು ಕೂಡಿಕೊಂಡು, ಮೊಮ್ಮಗನ ಎಂಬತ್ತು ನೂರನಲವತ್ತಾಗಿ ಬೆಳೆಯುವುದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ನೂರಿಪ್ಪತ್ತು ಎಂಬ ಸಂಖ್ಯೆಯೂ ಹೀಗೆಯೇ: ಅರವತ್ತರ ಎರಡು ಸುತ್ತು. ಜ್ಯೋತಿಷದಲ್ಲಿ ವಿಂಶೋತ್ತರಿ ದಶೆಗಳ ಒಟ್ಟು ಮೊತ್ತವೂ ನೂರಿಪ್ಪತ್ತೇ. ಅದನ್ನೇ ಮನುಷ್ಯನ ಪೂರ್ಣಾಯುಸ್ಸೆಂದು ಹಿಂದಿನವರು ಎಣಿಸಿದರು. 2020ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ವೇದವಿದ್ವಾಂಸರಾದ ಪಂಡಿತ ಸುಧಾಕರ ಚತುರ್ವೇದಿಗಳಿಗೆ ನೂರಿಪ್ಪತ್ತೆರಡು ತುಂಬಿತ್ತೆಂದು ಪತ್ರಿಕೆಗಳು ಬರೆದವು. ಅದು ಸಿದ್ಧವಾಗಿದ್ದರೆ 1997ರಲ್ಲಿ 122 ವರ್ಷ 164 ದಿನಗಳ ವಯಸ್ಸಿನಲ್ಲಿ ತೀರಿಕೊಂಡ ಫ್ರಾನ್ಸಿನ ಜಾನ್ ಕಾಲ್ಮಾಂ ಎಂಬ ವೃದ್ಧೆಯ ದಾಖಲೆಯೇ ಮುರಿಯುತ್ತಿತ್ತು. ಆದರೆ ವಯಸ್ಸನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಆ ಸಂಖ್ಯೆಗೆ ಸ್ಥಾನ ಸಿಗಲಿಲ್ಲ. ಅದರಿಂದ ಅವರ ವಿದ್ವತ್ತಿಗೆ ಯಾವ ಕುಂದೂ ಇಲ್ಲ.

ಈ ಗೊಂದಲದ ನಡುವೆ ಶಾಲೆ ಬಂತು. ನಮ್ಮ ಈ ಭಾಗ ಆಗ ಮುಂಬಯಿ ಇಲಾಖೆಯಲ್ಲಿತ್ತು. ಮರಾಠಿಯ ಮೇಲುಗೈಯಿದ್ದ ಕಾಲದಲ್ಲಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದ ಡೆಪ್ಯುಟಿ ಚನ್ನಬಸಪ್ಪನವರನ್ನು ಧಾರವಾಡದ ಕಡೆಯವರು ಮರೆಯುವಂತಿಲ್ಲ; ಅವರು ಮಾತ್ರ 1881ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಶಿಶುನಾಳದ ಶರೀಫರು ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಕಾದಂಬರಿಕಾರ ಗಳಗನಾಥರೂ ಮಾಸ್ತರರೇ. 1869ರಿಂದ 1942ರವರೆಗೆ ಬಾಳಿದರು. ಎಪ್ಪತ್ತು, ಎಪ್ಪತ್ತಮೂರು, ಅಂದಿನ ಕಾಲಕ್ಕೆ ಅದೇ ತುಂಬು ಬಾಳು.

ಶಾಲೆಯೊಡನೆ ಬಂದದ್ದು ರಜಿಸ್ಟರು. ಮಗು ಶಾಲೆಗೆ ಸೇರುವಾಗ ಜನ್ಮದಿನಾಂಕದ ಅಂಕಣ ತುಂಬಲೇಬೇಕು. ತಂದೆಗೆ ದಿನಾಂಕ ಗೊತ್ತಿಲ್ಲ. ಮಾಸ್ತರರು ಹುಡುಗನ ಮೈಕಟ್ಟನ್ನು ನೋಡಿದರು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸಿ ನೋಡಿದರು, ಶಾಲೆ ಆರಂಭವಾಗುವ ದಿನಕ್ಕೆ ವಯಸ್ಸು ಸರಿಹೋಗುವಂತೆ ಜೂನ್ 1 ಎಂದು ಬರೆದರು. ಹೀಗಾಗಿ ಕರ್ನಾಟಕದ ಒಂದೆರಡು ತಲೆಮಾರುಗಳಲ್ಲಿ ಲೆಕ್ಕವಿಲ್ಲದಷ್ಟು ಜನ ಜೂನ್ ಒಂದರಂದೇ ಹುಟ್ಟಿದರು. ನೌಕರಿಗೆ ಸೇರಿದವರು ಮೇ 31ರಂದು ಸಾಲಾಗಿ ನಿವೃತ್ತರಾದರು. ನನ್ನ ತಾಯಿಯ ನೆನಪಿನಂತೆ ನಾನು ಹುಟ್ಟಿದ್ದು ಬನದ ಹುಣ್ಣಿಮೆಯ ಮುಂಚಿನ ಚಳಿಯಲ್ಲಿ. ಮಾಸ್ತರರ ಬರಹದಂತೆ ಜೂನ್ ಒಂದರಂದು. ಸರ್ಕಾರ ನನ್ನ ತಾಯಿಯನ್ನು ಕೇಳಲಿಲ್ಲ. ಮೇ 31ರ ಸಂಜೆ ಹಾರ ಹಾಕಿ ಕಳುಹಿಸಿಕೊಟ್ಟಿತು.

ಇದನ್ನು ನಗೆಚಾಟಿಕೆಯ ವಸ್ತುವನ್ನಾಗಿ ಮಾಡುವುದು ಸುಲಭ. ಆದರೆ ಒಂದು ಮಾತನ್ನು ಗಮನಿಸಬೇಕು. ಹುಟ್ಟಿದ ದಿನವನ್ನು ಕಣ್ಣಾರೆ ಕಂಡವಳು ಸೂಲಗಿತ್ತಿ. ಅವಳಿಗೆ ಬರೆಯಲು ಬಾರದು. ಬರೆಯಬಲ್ಲವರು ಮಾಸ್ತರರು, ಅವರು ಆ ದಿನವನ್ನು ಕಂಡವರಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು, 2018ರಲ್ಲಿ ತೀರಿಕೊಂಡ ಆ ತಾಯಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರು. ಅವರ ನೆನಪನ್ನು ಯಾರಾದರೂ ಅಂದಂದೇ ಬರೆದಿಟ್ಟಿದ್ದರೆ ಒಂದು ತಾಲೂಕಿನ ಜನನದ ವಹಿಯೇ ಆಗುತ್ತಿತ್ತು. ಜನನ ಮರಣಗಳ ನೋಂದಣಿಯನ್ನು ದೇಶದುದ್ದಕ್ಕೂ ಕಡ್ಡಾಯ ಮಾಡಿದ ಕಾಯಿದೆ ಬಂದದ್ದು 1969ರಲ್ಲಿ. ಅಲ್ಲಿಯವರೆಗೆ ನಮ್ಮ ಹಳ್ಳಿಗಳ ಸಾಮಾನ್ಯ ಮನುಷ್ಯನ ವಯಸ್ಸಿಗೆ ಆಧಾರವೆಂದರೆ ಬಹುಮಟ್ಟಿಗೆ ಮಾಸ್ತರರ ಅಂದಾಜು. ಆ ಅಂದಾಜಿನಲ್ಲಿ ಕೆಲವು ತಿಂಗಳು, ಹೆಚ್ಚೆಂದರೆ ವರ್ಷವೊಂದೆರಡು ತಪ್ಪಿತು; ಅರವತ್ತು ವರ್ಷ ತಪ್ಪುವುದು ಮಾತ್ರ ಅಲ್ಲಿಗೆ ನಿಂತಿತು. ಆರು ವರ್ಷದ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದ ಸಾಕ್ಷ್ಯವದು. ಮುದುಕನಾದ ಮೇಲೆ ಅವನೇ ಹೇಳಿಕೊಂಡದ್ದಲ್ಲ.

ಮಾಸ್ತರರ ವಿಷಯದಲ್ಲಂತೂ ಸಾಕ್ಷ್ಯ ಎರಡು ತುದಿಗಳಲ್ಲಿಯೂ ಗಟ್ಟಿ. ಸೇವಾಪುಸ್ತಕದಲ್ಲಿ ಜನ್ಮದಿನಾಂಕ, ನಿವೃತ್ತಿಯ ಆದೇಶ, ಆಮೇಲೆ ಪ್ರತಿ ನವೆಂಬರಿನಲ್ಲಿ ತಾನಿನ್ನೂ ಜೀವಂತನಾಗಿದ್ದೇನೆಂದು ಕೊಡಬೇಕಾದ ಪ್ರಮಾಣಪತ್ರ. ಬದುಕಿರುವ ಮನುಷ್ಯನೇ ಎದುರಿಗೆ ನಿಂತು ತಾನು ಬದುಕಿದ್ದೇನೆಂಬುದಕ್ಕೆ ಸಹಿ ಹಾಕುವ ಈ ಪದ್ಧತಿ ನಗೆ ಬರಿಸುವಂಥದಾದರೂ ಚರಿತ್ರಕಾರನಿಗೆ ವರದಾನ. ಆರನೆಯ ವೇತನ ಆಯೋಗದ ಅನಂತರ ಕೇಂದ್ರ ಸರ್ಕಾರದ ನಿವೃತ್ತರಿಗೆ ಎಂಬತ್ತು ತುಂಬಿದಾಗ ಪಿಂಚಣಿಯ ಮೇಲೆ ನೂರಕ್ಕೆ ಇಪ್ಪತ್ತು, ನೂರು ತುಂಬಿದಾಗ ನೂರಕ್ಕೆ ನೂರು ಹೆಚ್ಚಿಗೆ ಕೊಡುವ ನಿಯಮವಾಯಿತು. ಹಣ ಸೇರಿಕೊಂಡ ಮೇಲೆ ಲೆಕ್ಕ ಇನ್ನಷ್ಟು ಬಿಗಿಯಾಗದಿರುವುದೆ?

ನಿವೃತ್ತ ಶಿಕ್ಷಕರು ಅತಿಶತಾಯುಷಿಗಳಾದ ನಿದರ್ಶನಗಳು ಹೊರದೇಶಗಳಲ್ಲಿ ಇವೆ. ಇಂಗ್ಲೆಂಡಿನ ಷಾರ್ಲಟ್ ಹ್ಯೂಸ್ ಎಂಬವರು 1877ರ ಆಗಸ್ಟ್ 1ರಂದು, ಎಂದರೆ ನಮ್ಮಲ್ಲಿ ಆ ದೊಡ್ಡ ಬರ ನಡೆದಿದ್ದಾಗ, ಹಾರ್ಟಲ್‌ಪೂಲ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದರು. ಬಾಳಿನ ಬಹುಭಾಗ ಶಾಲೆಯ ಉಪಾಧ್ಯಾಯಿನಿ. ಮದುವೆಯಾದ ಹೆಂಗಸನ್ನು ಉಪಾಧ್ಯಾಯ ವೃತ್ತಿಯಲ್ಲಿ ಮುಂದುವರಿಸದಿರುವ ಕಟ್ಟಳೆ ಆ ದೇಶದಲ್ಲಿ 1944ರ ಶಿಕ್ಷಣ ಕಾಯಿದೆಯವರೆಗೂ ಇತ್ತು. ಈಕೆ ಮದುವೆಯಾದದ್ದು ಅರವತ್ತು ದಾಟಿದ ಮೇಲೆ. ನೂರಹತ್ತು ತುಂಬಿದಾಗ, 1987ರಲ್ಲಿ, ಕಾಂಕಾರ್ಡ್ ವಿಮಾನವನ್ನೇರಿ ನ್ಯೂಯಾರ್ಕಿಗೆ ಹೋಗಿಬಂದರು. 1993ರ ಮಾರ್ಚ್ 17ರಂದು 115 ವರ್ಷ 228 ದಿನಗಳ ಬಾಳನ್ನು ಮುಗಿಸಿದಾಗ ಆ ದೇಶದಲ್ಲಿ ಅವರಷ್ಟು ಕಾಲ ಬಾಳಿದವರು ಬೇರೆ ಯಾರೂ ಇರಲಿಲ್ಲ. ಈ ದಿನಗಳ ಲೆಕ್ಕ ಹೇಗೆ ಸಾಧ್ಯವಾಯಿತು? ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ 1837ರಿಂದ ಇದೆ. ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಮನೆವಾರು ಪಟ್ಟಿಗಳಲ್ಲಿ ಹೆಸರು ಹಿಡಿದು ಹುಡುಕಬಹುದು. ನಮ್ಮಲ್ಲಿಯೂ 1881ರಿಂದ ಕ್ರಮವಾಗಿ ಜನಗಣತಿ ನಡೆದಿದೆ. ಆದರೆ ಅದರ ಸಂಖ್ಯೆಗಳು ಉಳಿದವು, ಹೆಸರುಗಳು ಉಳಿಯಲಿಲ್ಲ. ಆ ಸಂಖ್ಯೆಗಳಲ್ಲಿಯೂ ನಲವತ್ತು, ಐವತ್ತು, ಅರವತ್ತು ವಯಸ್ಸಿನವರು ಗುಂಪುಗುಂಪಾಗಿ ಕಾಣುತ್ತಾರೆ. ನಲವತ್ತೊಂದು, ಐವತ್ತೊಂಬತ್ತು ವಯಸ್ಸಿನವರು ವಿರಳ. ಇಪ್ಪತ್ತರ ಮಗ್ಗಿ ನಮ್ಮ ಸಂತರಿಗೆ ಮಾತ್ರ ಮೀಸಲಲ್ಲ.

ಬ್ರೆಜಿಲ್ ದೇಶದ ಕ್ರೈಸ್ತ ಸನ್ಯಾಸಿನಿ ಇನಾ ಕನಬಾರೊ ಲೂಕಸ್ ಅವರೂ ಶಾಲೆಗಳಲ್ಲಿ ಪಾಠ ಹೇಳಿದವರು. ದಾಖಲೆಯಂತೆ ಅವರು 1908ರ ಜೂನ್ 8ರಂದು ಜನಿಸಿ 2025ರ ಏಪ್ರಿಲ್ 30ರಂದು ನೂರಹದಿನಾರು ದಾಟಿ ತೀರಿಕೊಂಡರು. ಆಗ ಜಗತ್ತಿನಲ್ಲಿ ಬದುಕಿದ್ದವರಲ್ಲೆಲ್ಲ ಅವರೇ ಹಿರಿಯರೆಂದು ಎಣಿಸಲಾಗಿತ್ತು. ಹುಟ್ಟಿದ್ದು ಅದಕ್ಕೂ ಕೆಲವು ದಿನ ಮುಂಚೆ, ಬರೆಸಿದ್ದು ತಡವಾಗಿ ಎಂದು ಅವರ ಬಂಧುಗಳು ಹೇಳಿದ್ದುಂಟು. ನಮ್ಮ ಜೂನ್ ಒಂದರ ಕಥೆಗೆ ಅಲ್ಲಿಯೂ ಒಂದು ಪಾಠಾಂತರ!

ಜೂನ್ 8 ಕನ್ನಡಿಗರಿಗೂ ಸ್ಮರಣೀಯವಾದ ದಿನ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ್ದು 1915ರ ಜೂನ್ 8ರಂದು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದು 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಮೇಷ್ಟ್ರು ಅವರು. ಕವಿ, ಸ್ವಾತಂತ್ರ್ಯ ಹೋರಾಟಗಾರ, ಬದಿಯಡ್ಕದ ಮನೆಯಲ್ಲಿ ಸ್ವಂತ ಕೈಯಿಂದ ಮಣ್ಣು ಮುಟ್ಟಿದ ಕೃಷಿಕ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕಕ್ಕೆ ಸೇರಬೇಕೆಂಬ ಹಂಬಲವನ್ನು ಅವರು ಅರ್ಧ ಶತಮಾನಕ್ಕೂ ಮಿಕ್ಕಿ ಹೊತ್ತು ನಡೆದರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತಾಗ ಅವರಿಗೆ ಎಂಬತ್ತೆರಡರ ಆಸುಪಾಸು. ನೂರು ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್ 9ರಂದು ತೀರಿಕೊಂಡರು. ದೀರ್ಘಾಯುಷ್ಯದ ಇನ್ನೊಂದು ಮುಖವನ್ನು ಅವರ ಬಾಳಿನಲ್ಲಿ ನೋಡುತ್ತೇವೆ: ಈಡೇರದ ಆಸೆಯೊಂದರ ಜೊತೆಯಲ್ಲಿ ಮನುಷ್ಯ ಎಷ್ಟು ಕಾಲ ಬಾಳಬಲ್ಲ ಎಂಬುದು.

ಈಗ ಜಿ. ವೆಂಕಟಸುಬ್ಬಯ್ಯನವರ ವಿಷಯ. ಕನ್ನಡ ನಾಡಿನಲ್ಲಿ ಶಾಲೆಯ ಮೇಷ್ಟ್ರುಗಿರಿಯಿಂದ ಹೊರಟು ಅತಿಶತಾಯುಷ್ಯದ ಬಾಗಿಲವರೆಗೆ ಹೋದವರು ಇವರು. 1913ರ ಆಗಸ್ಟ್ 23ರಂದು ಹುಟ್ಟಿದರು. ತಂದೆ ಗಂಜಾಂ ತಿಮ್ಮಣ್ಣಯ್ಯನವರು ಸ್ವತಃ ವಿದ್ವಾಂಸರು. ಬನ್ನೂರು, ಮಧುಗಿರಿಗಳಲ್ಲಿ ಶಾಲೆ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಉನ್ನತ ವ್ಯಾಸಂಗ. ಮಂಡ್ಯ, ದಾವಣಗೆರೆ, ಬೆಂಗಳೂರುಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ, ಅನಂತರ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರೂ ಪ್ರಾಂಶುಪಾಲರೂ ಆಗಿ 1973ರಲ್ಲಿ ನಿವೃತ್ತರಾದರು. 1964ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದಾಗ ವಯಸ್ಸು ಐವತ್ತೊಂದರ ಹತ್ತಿರ. ಆ ಪೀಠಕ್ಕೆ ಬಂದವರಲ್ಲಿ ಕಿರಿಯರೆಂಬ ಹೆಸರಾಯಿತು. ಮುಂದೆ ನಾಡಿನಲ್ಲಿ ಎಲ್ಲರಿಗಿಂತ ಹಿರಿಯರೆನಿಸಿಕೊಳ್ಳಲಿದ್ದ ವ್ಯಕ್ತಿ ಮೊದಲು ಹೆಸರಾದದ್ದು ಕಿರಿಯರೆಂದು!

ಅವರು ಹುಟ್ಟಿದ ಕಾಲದ ಭಾರತದಲ್ಲಿ ಮನುಷ್ಯನ ಸರಾಸರಿ ಆಯುಸ್ಸು ಇಪ್ಪತ್ತರ ಆಸುಪಾಸಿನಲ್ಲಿತ್ತೆಂದು ಜನಗಣತಿಯ ಅಂದಾಜುಗಳು ಹೇಳುತ್ತವೆ. ಎಳೆಯ ಮಕ್ಕಳ ಸಾವು ಅದಕ್ಕೆ ಮುಖ್ಯ ಕಾರಣ. 1918ರಲ್ಲಿ ಇನ್‌ಫ್ಲುಯೆಂಜಾ ಮನೆಮನೆಗಳನ್ನು ಬರಿದು ಮಾಡಿದಾಗ ಅವರು ಐದು ವರ್ಷದ ಬಾಲಕ. ಬೆಂಗಳೂರಿನಲ್ಲಿ ಅವರು ತೀರಿಕೊಂಡ 2021ರ ಏಪ್ರಿಲ್ 19ರ ಹೊತ್ತಿಗೆ ಕೊರೋನಾದ ಎರಡನೆಯ ಅಲೆ ಏರುತ್ತಿತ್ತು. ಎರಡು ಮಹಾಮಾರಿಗಳ ನಡುವೆ ಚಾಚಿಕೊಂಡ ಬಾಳು: ನೂರೇಳು ವರ್ಷ, ಏಳು ತಿಂಗಳು, ಇಪ್ಪತ್ತೇಳು ದಿನ. ಸಾವಿರ ಹುಣ್ಣಿಮೆ ಕಂಡವರಿಗೆ ನಾವು ಸಹಸ್ರಚಂದ್ರದರ್ಶನ ಶಾಂತಿ ಮಾಡುತ್ತೇವೆ. ಸಾವಿರ ಹುಣ್ಣಿಮೆ ತುಂಬುವುದು ಎಂಬತ್ತು ದಾಟಿ ಸುಮಾರು ಹತ್ತು ತಿಂಗಳಿಗೆ. ವೆಂಕಟಸುಬ್ಬಯ್ಯನವರು ಕಂಡದ್ದು ಸಾವಿರದ ಮುನ್ನೂರಕ್ಕೂ ಮಿಕ್ಕ ಹುಣ್ಣಿಮೆಗಳನ್ನು. ನೂರಹತ್ತಕ್ಕೆ ಇನ್ನೂ ಎರಡು ವರ್ಷ ನಾಲ್ಕು ತಿಂಗಳು ಉಳಿದಿತ್ತು. ಪಟ್ಟಿಯ ಭಾಷೆಯಲ್ಲಿ ಅವರು ಅತಿಶತಾಯುಷಿಗಳಲ್ಲ. ಅವರಿಗೆ ನೂರಹತ್ತನ್ನು ಧಾರೆಯೆರೆದು ಕೊಡುವ ಹುಮ್ಮಸ್ಸು ಹಿಂದಿನ ಕಾಲವಾಗಿದ್ದರೆ ಖಂಡಿತ ಬರುತ್ತಿತ್ತು.

ನನಗೆ ಮುಖ್ಯವೆನಿಸುವ ಲೆಕ್ಕ ಬೇರೆ. 1973ರಿಂದ 2021ರವರೆಗೆ ನಲವತ್ತೆಂಟು ವರ್ಷ. ಅವರು ಸೇವೆಯಲ್ಲಿದ್ದ ಕಾಲಕ್ಕಿಂತ ನಿವೃತ್ತರಾಗಿದ್ದ ಕಾಲ ದೊಡ್ಡದು. ಹೆಸರಾದ ಕೆಲಸದ ಬಹುಭಾಗವೂ ಆ ಎರಡನೆಯ ಅವಧಿಯದೇ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ; ಎಂಟನೆಯ ಸಂಪುಟದೊಡನೆ ಕಾರ್ಯ ಮುಗಿದಾಗ 1995. ಅದರ ಪ್ರಧಾನ ಸಂಪಾದಕತ್ವದ ಹೊಣೆಯನ್ನು ಹೊತ್ತು ದಡ ಮುಟ್ಟಿಸಿದವರು ಇವರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಪರಿಷತ್ತಿನ ನಿಘಂಟು ಚಾರಿತ್ರಿಕ ಕ್ರಮದ್ದು: ಒಂದು ಮಾತಿಗೆ ಅರ್ಥ ಹೇಳಿದರೆ ಸಾಲದು, ಆ ಅರ್ಥದಲ್ಲಿ ಅದು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಂದಿದೆಯೆಂಬುದನ್ನು ಪ್ರಯೋಗಸಹಿತ ತೋರಿಸಬೇಕು. ಎಂದರೆ ಪ್ರತಿಯೊಂದು ಮಾತಿನ ಜನ್ಮಪತ್ರಿಕೆಯನ್ನು ಬರೆಯುವ ಕೆಲಸ. ಗೌರವಕ್ಕೆ ಅಲ್ಲಿ ಎಡೆಯಿಲ್ಲ. ಪ್ರೀತಿಯ ಶಬ್ದವೆಂದು ಅದಕ್ಕೆ ಎರಡು ಶತಮಾನ ಹೆಚ್ಚು ಕೊಡುವಂತಿಲ್ಲ; ಸಾಕ್ಷ್ಯವಿದ್ದಷ್ಟೇ ವಯಸ್ಸು. ಗೊರವನೆಂಬ ಮಾತು ಚಿಕ್ಕಬೆಟ್ಟದಿಂದ ಮೈಲಾರದವರೆಗೆ ನಡೆದುಬಂದ ದಾರಿಯನ್ನು ಇಂಥ ಚೀಟಿಗಳಿಲ್ಲದೆ ಗುರುತಿಸುವುದೆಂತು?

1991ರಲ್ಲಿ, ಎಪ್ಪತ್ತೆಂಟರ ಹೊಸ್ತಿಲಿನಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣವನ್ನು ತೊಡಗಿ ವರ್ಷಗಟ್ಟಲೆ ನಡೆಸಿದರು. ಓದುಗರು ಮಾತಿನ ಅರ್ಥ, ಮೂಲ, ಸರಿ ತಪ್ಪುಗಳನ್ನು ಕೇಳುವುದು, ಇವರು ಉತ್ತರಿಸುವುದು. ಗಾದೆಗಳು, ಬೈಗುಳು, ಅಡುಗೆಮನೆಯ ಮಾತು ಯಾವುದೂ ಅವರಿಗೆ ಕೀಳಾಗಿರಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಿದ್ದರು. ಅದು ಹಳೆಯ ಪ್ರೌಢಶಾಲೆಯ ತರಗತಿಯೇ, ನಾಡಿನಷ್ಟು ಅಗಲವಾಗಿ ಹರಡಿಕೊಂಡ ತರಗತಿ. 2011ರಲ್ಲಿ ಬೆಂಗಳೂರಿನ ಎಪ್ಪತ್ತೇಳನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ತೊಂಬತ್ತೇಳು. 2017ರಲ್ಲಿ ಪದ್ಮಶ್ರೀ ಬಂದಾಗ ನೂರಮೂರು. ನಾಡು ಅವರನ್ನು 'ಜೀವಿ' ಎಂದು ಕರೆಯಿತು. ಹೆಸರಿನ ಮೊದಲಕ್ಷರಗಳಿಂದಾದ ಆ ಸಂಕ್ಷೇಪ ಇಷ್ಟು ಅನ್ವರ್ಥವಾದೀತೆಂದು ಇಟ್ಟವರು ಎಣಿಸಿರಲಾರರು. ಅವರಿಗಿಂತ ಹಿರಿಯರಾದ ಎ. ಎನ್. ಮೂರ್ತಿರಾಯರು 'ದೇವರು' ಎಂಬ ಗ್ರಂಥವನ್ನು ಪ್ರಕಟಿಸಿದ್ದು ತೊಂಬತ್ತು ದಾಟಿದ ಮೇಲೆ, 1991ರಲ್ಲಿಯೇ. ನೂರಮೂರು ತುಂಬಿ 2003ರಲ್ಲಿ ತೀರಿಕೊಂಡರು. ದೇವರಿಲ್ಲವೆಂದು ವಾದಿಸಿದವರಿಗೂ ಆಯುಸ್ಸಿನ ವಿಷಯದಲ್ಲಿ ಕೊರತೆಯೇನೂ ಆಗಲಿಲ್ಲ.

ನೂರಹತ್ತನ್ನು ದಾಟಿದವರು ನಮ್ಮಲ್ಲಿ ಯಾರೂ ಇಲ್ಲವೆ? ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಇದ್ದರು. ಮಾಗಡಿ ತಾಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನನ. 1908 ಎನ್ನುವವರೂ ಇದ್ದಾರೆ. ಐಕ್ಯರಾದದ್ದು 2019ರ ಜನವರಿ 21ರಂದು. ಯಾವ ವರ್ಷವನ್ನು ಹಿಡಿದರೂ ನೂರಹತ್ತರ ಗಡಿಗೆ ಬಾಧೆಯಿಲ್ಲ. ನಾಗವಲ್ಲಿಯ ಶಾಲೆ, ತುಮಕೂರಿನ ಹೈಸ್ಕೂಲು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇವುಗಳನ್ನು ಹಾದುಬಂದ ವಿದ್ಯಾರ್ಥಿ ಅವರು, 1930ರಲ್ಲಿ ಸನ್ಯಾಸ. ಆದ್ದರಿಂದ ಬಾಲ್ಯದಿಂದ ಕೊನೆಯವರೆಗೆ ಅವರ ಬಾಳಿನ ಹೆಜ್ಜೆಗಳನ್ನು ಹಿಡಿಯುವುದು ಸಾಧ್ಯ. ಸಂಬಳದ ಮಾಸ್ತರರಲ್ಲ, ನಿಜ. ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಗುರುಗಳು. ಪೆರ್ಗೊರವ ಎಂಬ ಹಳೆಯ ಮಾತನ್ನು ನಮ್ಮ ಕಾಲದಲ್ಲಿ ಯಾರಿಗಾದರೂ ಬಳಸಬಹುದಾದರೆ ಇವರಿಗೆ ಬಳಸಬಹುದು.

ಅದೇ ಮಾಗಡಿ ತಾಲೂಕಿನ ಹುಲಿಕಲ್ಲಿನವರು ಸಾಲುಮರದ ತಿಮ್ಮಕ್ಕನವರು. ಸ್ವಾಮಿಗಳು ಮಾಗಡಿಯಲ್ಲಿ ಹುಟ್ಟಿ ತುಮಕೂರಿಗೆ ಹೋದರು. ತಿಮ್ಮಕ್ಕನವರು ತುಮಕೂರು ಜಿಲ್ಲೆಯ ಗುಬ್ಬಿಯ ಕಡೆ ಹುಟ್ಟಿ ಮಾಗಡಿಗೆ ಸೊಸೆಯಾಗಿ ಬಂದರು. ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡ ಹೆಂಡತಿ ನೀರು ಹೊತ್ತು ಬೆಳೆಸಿದ ಮುನ್ನೂರೆಂಬತ್ತೈದು ಆಲದ ಮರಗಳನ್ನು ನಾಡೆಲ್ಲ ಬಲ್ಲದು. 2025ರ ನವೆಂಬರ್ 14ರಂದು ತೀರಿಕೊಂಡಾಗ ನೂರಹದಿನಾಲ್ಕು ವರ್ಷವೆಂದು ಪತ್ರಿಕೆಗಳು ಬರೆದವು. ಅವರು ಶಾಲೆಗೆ ಹೋದವರಲ್ಲ. ಯಾವ ಮಾಸ್ತರರೂ ಆರು ವರ್ಷದ ಆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಕೈಯಿಂದ ಕಿವಿ ಮುಟ್ಟಿಸಿ, ತಪ್ಪೋ ಸರಿಯೋ ಒಂದು ದಿನಾಂಕ ಬರೆಯಲಿಲ್ಲ. ಜಗತ್ತಿನ ದೃಢಪಟ್ಟ ಅತಿಶತಾಯುಷಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಹೆಂಗಸರು. ನಮ್ಮಲ್ಲಿ ವಯಸ್ಸನ್ನು ಕಾಗದದಿಂದ ತೋರಿಸಬಲ್ಲವರನ್ನು ಹೆಸರಿಸಹೊರಟರೆ, ನಾನು ಈವರೆಗೆ ಮಾಡಿದಂತೆ, ಗಂಡಸರ ಹೆಸರುಗಳೇ ಬರುತ್ತವೆ. ನಮ್ಮ ಹೆಂಗಸರು ಬಾಳಲಿಲ್ಲವೆಂದು ಇದರ ಅರ್ಥವಲ್ಲ.

ಬ್ಯಾಡಗಿ ಸೀಮೆಯ ಒಂದು ಹಳೆಯ ಕನ್ನಡ ಶಾಲೆಯ ಜನರಲ್ ರಜಿಸ್ಟರನ್ನು ಕೆಲವು ವರ್ಷಗಳ ಹಿಂದೆ ತಿರುವಿ ನೋಡಿದ್ದೆ. ಅಂಚುಗಳನ್ನು ಗೆದ್ದಲು ತಿಂದಿತ್ತು; ಮಾಸ್ತರರ ಮೋಡಿಯಂಥ ಕೈಬರಹ ಮಾತ್ರ ಮಸಕಾಗಿರಲಿಲ್ಲ. ಪುಟದ ತುಂಬ ಹುಡುಗರ ಹೆಸರು. ಹುಡುಗಿಯರದು ಅಲ್ಲೊಂದು ಇಲ್ಲೊಂದು. 1933ರಲ್ಲಿ ಸೇರಿದ ಒಬ್ಬ ಹುಡುಗಿಯ ಸಾಲನ್ನು ಬರೆದುಕೊಂಡೆ. ಹುಟ್ಟಿದ ತಾರೀಖಿನ ಅಂಕಣದಲ್ಲಿ 1926ರ ಜೂನ್ 1. ಬಿಟ್ಟದ್ದು ಎರಡನೆಯ ಇಯತ್ತೆಯಲ್ಲಿ. ಶಾಲೆ ಬಿಟ್ಟ ಕಾರಣವೆಂಬ ಅಂಕಣದಲ್ಲಿ ಒಂದೇ ಮಾತು, ಲಗ್ನ. ಅತ್ತೆಮನೆಯ ಊರಿನ ಹೆಸರನ್ನು ಬರೆಯಲು ರಜಿಸ್ಟರಿನಲ್ಲಿ ಅಂಕಣವಿರಲಿಲ್ಲ.